ಮಸ್ಟ್ ಇರಬೇಕಾದಲ್ಲಿ ಮೇ

ಕೀಲಿಮಣೆಯ ಸದ್ದು ನಿಂತಿತು, ನಾನು ಬಾಗಿಲು ತಳ್ಳಿದ್ದೇ ತಡ ನಿಂತಿತು, ಇದು ಮೂರನೆಯ ಸಲ — ಬೆಳಿಗ್ಗೆ ಬಂದಾಗ ಒಂದು ಸಲ, ಹನ್ನೊಂದಕ್ಕೆ ನೀರು ಕುಡಿದು ಬಂದಾಗ ಒಂದು ಸಲ, ಈಗ ಮತ್ತೆ — ಪಟಪಟಿಯ ಬೆರಳು ಹಾಗೆಲ್ಲ ನಿಲ್ಲುವ ಜಾತಿಯದಲ್ಲ, ಬೆರಳೂ ಬಾಯೂ ಒಟ್ಟಿಗೆ ಓಡುತ್ತವೆಂದೇ ಸ್ಕ್ಯಾನಿಂಗ್ ವಿಭಾಗದವರೆಲ್ಲ ಸೇರಿ ಅವಳಿಗೆ ಆ ಹೆಸರಿಟ್ಟದ್ದು. ಎಂಟು ವರ್ಷದಿಂದ ನನ್ನ ಪಕ್ಕದ ಕುರ್ಚಿ ಅವಳದು, ಡಾಕ್ಟರು ಸ್ಕ್ಯಾನ್ ನೋಡುತ್ತ ಇಂಗ್ಲಿಷಿನಲ್ಲಿ ಹೇಳಿಟ್ಟದ್ದನ್ನು ಕಿವಿಗೆ ಹಾಕಿಕೊಂಡು ರಿಪೋರ್ಟ್ ಟೈಪು ಮಾಡುವುದು ನಮ್ಮಿಬ್ಬರ ಕೆಲಸ, ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಡುವುದು ಬಿಡುವಿನ ಕೆಲಸ. ಇವತ್ತು ಮಾತ್ರ, ಅಕ್ಕಾ, ನೀವು ಕಿಟಕಿ ಪಕ್ಕ ಕೂತ್ಕೊಳಿ, ಗಾಳಿ ಬರತ್ತೆ. ಯಾಕಮ್ಮ, ಇವತ್ತೇ ಯಾಕೆ ನನಗೆ ಗಾಳಿ? ಏನೂ ಇಲ್ಲಕ್ಕ, ಸುಮ್ನೆ. ಸುಮ್ಮನಂತೆ, ಸುಮ್ಮನೆ ಒಂದು ಲೋಟ ನೀರೂ ಕೊಟ್ಟವಳಲ್ಲ ಇವಳು, ಕಣ್ಣು ನೋಡಿದರೆ ಕದ್ದವಳ ಕಣ್ಣು, ನನ್ನ ಮುಖ ಬಿಟ್ಟು ಮಿಕ್ಕಿದ್ದನ್ನೆಲ್ಲ ನೋಡುತ್ತಿದೆ. ಊಟಕ್ಕೆ ಬರ್ತೀರಾಕ್ಕ? ನೀನು ಹೋಗು, ನನಗೆ ಹಸಿವಿಲ್ಲ. ಹೋದಳು, ಬಾಗಿಲ ಬಳಿ ಒಮ್ಮೆ ತಿರುಗಿ ನೋಡಿದಳು, ಒಂದು ಗಂಟೆ ಇಪ್ಪತ್ತು ನಿಮಿಷ, ಎರಡರೊಳಗೆ ನಾಳೆ ಬರುತ್ತೇವೋ ಇಲ್ಲವೋ ಎಂದು ಸರ್ಜನ್ ಕಡೆಯವರಿಗೆ ಹೇಳಬೇಕು.

ಕಾಗದ ಚೀಲದಲ್ಲಿದೆ, ನಿನ್ನೆ ಸಂಜೆಯಿಂದ ತೆಗೆದು ಓದಿ ಮಡಚಿ ಮಡಚಿ ಮಡಿಕೆಯಲ್ಲೇ ಹರಿಯತೊಡಗಿದೆ, ಹೆಸರಿನ ಜಾಗದಲ್ಲಿ ನನ್ನದೇ ಹೆಸರು — ಮೂರು ತಿಂಗಳ ಕೆಮ್ಮು, ಧೂಳು ಕಣೇ ಎಂದರು ಇವರು, ಮದುವೆಯಾದಾಗಿನಿಂದ ಇವರಿಗೆ ನನ್ನ ನೋವೆಲ್ಲ ಧೂಳು — ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಗಂಟು, ಅಂಚು ಮುಳ್ಳುಮುಳ್ಳು, ಮೇ ಬಿ ಕ್ಯಾನ್ಸರ್. ಮೇ. ಇರಬಹುದು. ಇವರು ಅದನ್ನು ಓದಿ ಎಷ್ಟು ಹಗುರಾದರು, ನೋಡೇ, ಇರಬಹುದು ಅಂದ್ರೆ ಇಲ್ದೇನೂ ಇರಬಹುದು, ಮಗಳ ಪರೀಕ್ಷೆ ಮುಗೀಲಿ, ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ತೆಗೆಸೋಣ, ನಾಳೆ ಬರಲ್ಲ ಅಂತ ನಾನೇ ಫೋನ್ ಮಾಡಿ ಹೇಳ್ಲಾ? ನಾನೇ ಹೇಳುತ್ತೇನೆ ಎಂದೆ, ಹೇಳಿಲ್ಲ, ಆ ಮೇ ನನ್ನ ಕಿವಿಗೆ ಒಗ್ಗುತ್ತಿಲ್ಲ. ಹದಿನೆಂಟು ವರ್ಷ ಆ ಡಾಕ್ಟರ ದನಿಯನ್ನು ಕಿವಿಯಲ್ಲಿಟ್ಟುಕೊಂಡು ಬದುಕಿದ್ದೇನೆ ರೀ, ನಿಮ್ಮ ದನಿಗಿಂತ ಹೆಚ್ಚು ಕೇಳಿದ್ದೇನೆ. ಎದುರು ಸಿಕ್ಕರೆ ತಲೆಯಾಡಿಸುವುದು ಬಿಟ್ಟರೆ ಮಾತಿಲ್ಲ, ಆದರೆ ಅವರ ಹೊಟ್ಟೆ ತುಂಬಿದ್ದು ನನಗೆ ಗೊತ್ತಾಗುತ್ತದೆ, ಆಗ ಎಲ್ಲವೂ ಮೈಟ್, ಆಕಳಿಕೆಯ ಜೊತೆಗೆ ಮೈಟ್ — ಮೇ ಎಂದರೆ ಗಡ್ಡ ಕೆರೆದುಕೊಳ್ಳುತ್ತಿದ್ದಾರೆ, ಕುಡ್ ಎಂದರೆ ಹಳೆಯ ಸ್ಕ್ಯಾನ್ ತರಿಸುತ್ತಾರೆ, ಮಸ್ಟ್ ಎಂದರೆ ಆಗಲೇ ಯಾರಿಗೋ ಫೋನು ಹೋಗಿರುತ್ತದೆ. ಕಂಡಿತು ಎನ್ನುವುದಿಲ್ಲ, ಐ ಕ್ಯಾನ್ ಸೀ ಎನ್ನುತ್ತಾರೆ, ಕಾಣದಿದ್ದರೆ ಆ ಮಾತೇ ಬರುವುದಿಲ್ಲ. ಅವರ ಮಗಳು ಗಂಡನ ಮನೆ ಬಿಟ್ಟು ಬಂದ ವಾರ ನೆಗಡಿಗೂ ಮಸ್ಟ್ ಹೇಳಿದ್ದರು, ಪಟಪಟಿಯೂ ನಾನೂ ಸೀರೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೆವು, ವಿಷಯ ತಿಳಿದ ಮೇಲೆ ನಗು ನಿಂತಿತು. ಅಂಥವರು ಮುಳ್ಳಂಚಿನ ಗಂಟಿಗೆ ಮೇ ಹೇಳಿದ್ದು ನಾನು ಕೇಳಿಲ್ಲ, ಒಂದೇ ಒಂದು ಸಲವೂ ಇಲ್ಲ, ಅಂಚು ಮುಳ್ಳಾದರೆ ಅವರಿಗೆ ಮಸ್ಟ್, ಅನುಮಾನವೇ ಇಲ್ಲ.

ಹಾಗಾದರೆ ಯಾರು ಬದಲಾಯಿಸಿದರು? ಇನ್ಯಾರು, ನಮ್ಮ ರಿಪೋರ್ಟು, ನಮ್ಮವರ ರಿಪೋರ್ಟು ನಾವು ಟೈಪು ಮಾಡುವ ಹಾಗಿಲ್ಲ ಎಂಬುದು ಇಲ್ಲಿಯ ನಿಯಮ, ನನ್ನದು ಇವಳ ಪಾಲಿಗೆ ಹೋಗಿದೆ, ಅಕ್ಕ ಹೆದರಿಕೊಳ್ತಾರೆ ಅಂತ ಒಂದು ಮಾತು ತೆಗೆದು ಇನ್ನೊಂದು ಕೂರಿಸಿದ್ದಾಳೆ, ಸಾರಿಗೆ ಉಪ್ಪು ಜಾಸ್ತಿಯಾದರೆ ನೀರು ಬೆರೆಸಿದ ಹಾಗೆ. ನಿನಗೆ ಯಾರೇ ಕೊಟ್ಟರು ಈ ಅಧಿಕಾರ? ಸರ್ಜನ್ ಮೇ ಓದಿ ಮೂರು ತಿಂಗಳು ಬಿಟ್ಟು ಬನ್ನಿ ಎಂದರೆ? ನನ್ನ ಜೀವ ಕಣೇ ಅದು, ನಿನ್ನ ಒಳ್ಳೆಯತನ ತೋರಿಸುವ ಜಾಗವಲ್ಲ. ಆದರೆ ತಾಳು, ಎರಡು ತಿಂಗಳು ಮೊದಲೇ ಹೇಳದೆ ಸಿಗದ ಸರ್ಜನ್ ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡಿಸಿದ್ದಾರೆ, ನಾಳೆ ಹತ್ತಕ್ಕೆ ಖಾಲಿ ಹೊಟ್ಟೇಲಿ ಬನ್ನಿ ಅಂತ, ಬರೀ ಇರಬಹುದಕ್ಕೆ ಇಷ್ಟು ಅವಸರವೇ? ಇವಳೂ ಸರಿಯಿಲ್ಲ, ಆ ಸರ್ಜನ್ನೂ ಸರಿಯಿಲ್ಲ, ಮನೆಯಲ್ಲಿ ಇವರಂತೂ — ಇವರಿಗೂ ಗೊತ್ತಿರಬಹುದೇ? ಥೂ, ನಾನೂ ಬಹುದು ಬಹುದು ಎನ್ನತೊಡಗಿದೆ. ಇದೆಯೋ ಇಲ್ಲವೋ ಒಂದು ಹೇಳಿ, ತಡೆದುಕೊಳ್ಳುತ್ತೇನೆ, ಈ ಬಹುದನ್ನು ತಡೆಯಲಾರೆ.

ಡಾಕ್ಟರು ಹೇಳಿಟ್ಟ ದನಿಗಳು ಕಂಪ್ಯೂಟರಿನಲ್ಲಿ ಒಂದು ತಿಂಗಳು ಅಳಿಸಿಹೋಗುವುದಿಲ್ಲ, ಇವಳು ಅದನ್ನು ಮರೆತಿದ್ದಾಳೆ, ಅಥವಾ ನಾನು ಹುಡುಕುವವಳಲ್ಲ ಎಂದುಕೊಂಡಿದ್ದಾಳೆ. ಪಟಪಟಿಯ ಕುರ್ಚಿ ಇನ್ನೂ ಬೆಚ್ಚಗಿದೆ, ಅವಳ ಇಯರ್‌ಫೋನಿಗೆ ಅವಳ ತಲೆಯೆಣ್ಣೆಯ ವಾಸನೆ, ಕಾಲ ಕೆಳಗೆ ಪೆಡಲು, ಮುಂದಕ್ಕೆ ಒತ್ತಿದರೆ ಮಾತು, ಹಿಮ್ಮಡಿ ಒತ್ತಿದರೆ ಮಾತು ಹಿಂದಕ್ಕೆ. ನಿನ್ನೆಯ ತಾರೀಖು, ನನ್ನ ನಂಬರು ಹಾಕಿದೆ. ಡಾಕ್ಟರು ಕೆಮ್ಮಿದರು, ಅವರದೇ ಕೆಮ್ಮು, ನನಗೂ ಕೆಮ್ಮು ಬಂತು. ಬಲ ಶ್ವಾಸಕೋಶ, ಮೇಲ್ಭಾಗ, ಐ ಕ್ಯಾನ್ ಸೀ — ಅಯ್ಯೋ, ಕಂಡಿದೆ — ಅಂಚು ಮುಳ್ಳುಮುಳ್ಳು, ಇಟ್ ಮಸ್ಟ್ ಬಿ. ಮಸ್ಟ್. ಸಿಕ್ಕಿಬಿದ್ದೆ ಪಟಪಟಿ, ಗೊತ್ತಿತ್ತು ನನಗೆ, ಬಾ ನೀನು ಊಟ ಮುಗಿಸಿಕೊಂಡು — ಆದರೆ ಫುಲ್ ಸ್ಟಾಪ್ ಎನ್ನಲಿಲ್ಲ ಡಾಕ್ಟರು, ವಾಕ್ಯ ಮುಗಿದರೆ ಫುಲ್ ಸ್ಟಾಪ್ ಎಂದು ಗದರುವವರು ಸುಮ್ಮನಿದ್ದಾರೆ, ದನಿ ಓಡುತ್ತಲೇ ಇದೆ, ಬರೀ ಉಸಿರು, ಆಮೇಲೆ ಟಕ್, ಮತ್ತೆ ಟಕ್, ಕನ್ನಡಕದ ಕಡ್ಡಿ ಒಂದೊಂದಾಗಿ ಮಡಚಿ ಮೇಜಿನ ಮೇಲಿಟ್ಟರು, ಆಮೇಲೆ ಇಂಗ್ಲಿಷ್ ಇಲ್ಲ. ನೋಡಮ್ಮ, ಇದು ನಮ್ಮ ಟೈಪಿಸ್ಟಮ್ಮಂದು. ಸರ್ಜನ್‌ಗೆ ಹೋಗೋ ಕಾಗದದಲ್ಲಿ ನಾನು ಹೇಳಿದ್ದೇ ಇರ್ಲಿ, ನಾನು ಫೋನೂ ಮಾಡ್ತೀನಿ. ಅವರ ಕೈಗೆ ಕೊಡೋದ್ರಲ್ಲಿ ಮಾತ್ರ ಮೇ ಹಾಕು. ತಪ್ಪು, ಗೊತ್ತು ನಂಗೆ. ಒಂದು ರಾತ್ರಿನಾದ್ರೂ ನಿದ್ದೆ ಮಾಡ್ಲಿ.

ನಿದ್ದೆ ಎಲ್ಲಿ ಬಂತು ಸಾರ್, ನಿಮ್ಮ ಮೇ ನೋಡಿಕೊಂಡೇ ಬೆಳಗು ಮಾಡಿದೆ. ಹದಿನೆಂಟು ವರ್ಷ ನನ್ನನ್ನು ಏನೆಂದೂ ಕರೆಯದವರು ಟೈಪಿಸ್ಟಮ್ಮ ಎಂದರು, ನಮ್ಮ ಎಂದರು, ಪಟಪಟಿಗೆ ನಾನು ಮನಸ್ಸಿನಲ್ಲೇ ಎಷ್ಟು ಬೈದೆ, ಪಾಪ ಅದು ಬೆಳಗಿನಿಂದ ಗಾಳಿ ಗಾಳಿ ಎಂದುಕೊಂಡು — ಫೋನು, ಇವರದು, ಎರಡಕ್ಕೆ ಹತ್ತು ನಿಮಿಷ. ಹೇಳಿದ್ಯಾ ಬರಲ್ಲ ಅಂತ? ಇಲ್ಲ ರೀ, ಹೋಗೋಣ. ಯಾಕೇ, ಬರೀ ಇರಬಹುದು ತಾನೆ? ಇದೆ ರೀ, ಹೋಗೋಣ. ಈ ಸಲ ಧೂಳು ಎನ್ನಲಿಲ್ಲ ಇವರು, ಫೋನು ಕಿವಿಯಲ್ಲೇ ಇದೆ, ಇನ್ನೊಂದು ಕಿವಿಯಲ್ಲಿ ಇಯರ್‌ಫೋನು, ಹಿಮ್ಮಡಿ ತಾನಾಗಿ ಒತ್ತಿತು, ಮಸ್ಟ್ ಬಿ, ಉಸಿರು, ಟಕ್, ಟಕ್ — ಕನ್ನಡಕ ಇಲ್ಲದಿದ್ದರೆ ಆ ಡಾಕ್ಟರಿಗೆ ಎದುರಿನ ಪರದೆ ಕಾಣುವುದಿಲ್ಲ, ಗೋಡೆಯೂ ಕಾಣುವುದಿಲ್ಲ, ಅಷ್ಟು ದಪ್ಪ ಗಾಜು, ಪರದೆಯ ಮೇಲೆ ಇದ್ದದ್ದು ನಾನು, ನನ್ನ ಎದೆ, ನೋಡಲಾಗಲಿಲ್ಲ ಅವರಿಗೆ — ಹಿಮ್ಮಡಿ, ಟಕ್, ಟಕ್ — ರೀ, ಇದ್ದೀರಾ — ಹಿಮ್ಮಡಿ — ಮೇಜಿನ ಮೇಲೆ ಮಡಚಿಟ್ಟ ಕನ್ನಡಕ — ಹಿಮ್ಮಡಿ — ಮಡಚಿಟ್ಟ ಕನ್ನಡಕ