ಅಕ್ಕೋರ ಕರಿ ಪೆನ್ನು

ಪೆನ್ನಾಗುವ ಮೊದಲು ನಾನೊಂದು ಕರಿ ಕೋಲಾಗಿದ್ದೆ. ರಬ್ಬರಿಗೆ ಗಂಧಕ ಬೆರೆಸಿ, ಬೇಯಿಸಿ, ಕೊಂಬಿನಷ್ಟು ಗಟ್ಟಿ ಮಾಡಿದ ಕೋಲು. ಎಬೊನೈಟ್ ಎನ್ನುತ್ತಾರೆ. ಬಳ್ಳಾರಿಯ ಒಂದು ಓಣಿಯಲ್ಲಿ, ಸೈಕಲ್ ಶಾಪಿಗೂ ಹಿಟ್ಟಿನ ಗಿರಣಿಗೂ ನಡುವೆ ಸಿಕ್ಕಿಕೊಂಡಂತಿದ್ದ ಅಂಗಡಿಯಲ್ಲಿ ದಾವಲಸಾಬರು ನನ್ನನ್ನು ಲೇತಿಗೆ ಕಚ್ಚಿಸಿದರು. ಕಾಲಿನಿಂದ ತುಳಿದು ತಿರುಗಿಸುವ ಲೇತು ಅದು. ಉಳಿ ತಾಗಿದ ಕಡೆಯೆಲ್ಲ ನನ್ನ ಮೈ ಸುರುಳಿ ಸುರುಳಿಯಾಗಿ ಉದುರಿ ಅವರ ಲುಂಗಿಯ ಮೇಲೆ ಬಿತ್ತು. ಅಂಗಡಿಯ ತುಂಬ ಸುಟ್ಟ ಟೈರಿನ ವಾಸನೆ. ಹೊಟ್ಟೆ ಕೊರೆದು ಟೊಳ್ಳು ಮಾಡಿದರು. ಕುತ್ತಿಗೆಗೆ ತಿರುಪು ಕೊಟ್ಟರು. ಮುಚ್ಚಳ ಕಡೆದು ಕೂರಿಸಿದರು. ನಿಬ್ಬು ಮಾತ್ರ ಹಾಕಲಿಲ್ಲ. ಕೊಳ್ಳುವವರ ಕೈ ನೋಡದೆ ಅವರು ಯಾವ ಪೆನ್ನಿಗೂ ನಿಬ್ಬು ಹಾಕುತ್ತಿರಲಿಲ್ಲ.

ಮೂರು ತಿಂಗಳ ಮೇಲೆ ಅಪ್ಪ ಮಗಳು ಇಬ್ಬರು ಬಂದರು. ಅಪ್ಪ ಈರಣ್ಣ ಹತ್ತಿ ಗಿರಣಿಯಲ್ಲಿ ಅಂಡಿಗೆ ಮೂಟೆ ಹೊರುವವನು. ಕೂದಲಲ್ಲಿ ಇನ್ನೂ ಹತ್ತಿಯ ಎಳೆಗಳಿದ್ದವು. ಮಗಳು ವಿಶಾಲಾಕ್ಷಿಗೆ ಇಪ್ಪತ್ತೊಂದು ವರ್ಷ.

"ಸಾಹೇಬ್ರ, ನಮ್ಮ ಹುಡುಗಿಗೆ ಸರಕಾರಿ ಸಾಲ್ಯಾಗ ನೌಕರಿ ಆತು. ಆಕಿ ರಿಟೈರ್ ಆಗೂತನಕ ಬಾಳಿಕಿ ಬರೂವಂಥ ಪೆನ್ನ ಕೊಡ್ರಿ," ಎಂದ ಈರಣ್ಣ.

"ಪೆನ್ನ ಆಮ್ಯಾಲ. ಮೊದ್ಲು ನೀ ಬರದು ತೋರ್ಸವ್ವ."

ವಿಶಾಲಾಕ್ಷಿ ಯಾವುದೋ ಹಳೆಯ ಪೆನ್ನಿನಲ್ಲಿ ತನ್ನ ಹೆಸರನ್ನು ಐದಾರು ಸಲ ಬರೆದಳು. ದಾವಲಸಾಬರು ಅಕ್ಷರ ನೋಡಲಿಲ್ಲ, ಮಣಿಕಟ್ಟು ನೋಡಿದರು. "ಕೈ ಒಳಗ ತಿರುಗತದ ನಿಂದು," ಎಂದು ನಿಬ್ಬನ್ನು ಸಾಣೆಕಲ್ಲಿಗೆ ಹಿಡಿದು ಆ ಓರೆಗೆ ತಕ್ಕಂತೆ ಉಜ್ಜಿದರು, ಬರೆಸಿದರು, ಮತ್ತೆ ಉಜ್ಜಿದರು. ಕೊನೆಗೆ ಇಂಕು ಹರಿಸುವ ಕರಿ ನಾಲಿಗೆಯ ಜೊತೆ ಅದನ್ನು ನನ್ನ ಬಾಯಿಗೆ ಒತ್ತಿ ಕೂರಿಸಿದರು. "ಇದು ಇನ್ನ ನಿನ್ನ ಕೈಯಿಂದು. ಮಂದಿಗೆ ಕೊಡಬ್ಯಾಡ."

ಹಾಗೆ ನಾನು ವಿಶಾಲಾಕ್ಷಿಯವಳಾದೆ, ಅಥವಾ ಅವಳು ನನ್ನವಳಾದಳು.

ತುಂಗಭದ್ರೆಯ ಕಾಲುವೆ ದಂಡೆಯ ಒಂದು ಊರಿನಲ್ಲಿ ಏಳನೆಯ ತರಗತಿಯವರೆಗಿನ ಶಾಲೆ. ಊರಿನವರು ಅವಳ ಹೆಸರು ಹಿಡಿದು ಕರೆಯಲೇ ಇಲ್ಲ, ಬಂದ ದಿನದಿಂದ ಅವಳು ಎಲ್ಲರಿಗೂ ಅಕ್ಕೋರು. ನಾನೂ ಇನ್ನು ಹಾಗೇ ಕರೆಯುತ್ತೇನೆ. ಪ್ರತಿ ಸೋಮವಾರ ಬೆಳಿಗ್ಗೆ ಅಕ್ಕೋರು ನನ್ನ ಕುತ್ತಿಗೆ ತಿರುವಿ ಬಿಚ್ಚಿ, ಗಾಜಿನ ಫಿಲ್ಲರಿನಿಂದ ಹನಿ ಹನಿಯಾಗಿ ಇಂಕು ಬಿಟ್ಟು ಹೊಟ್ಟೆ ತುಂಬಿಸುತ್ತಿದ್ದರು. ನನ್ನಂಥ ಪೆನ್ನಿಗೆ ಒಂದು ದುರ್ಗುಣವಿದೆ. ಹೊಟ್ಟೆ ಅರ್ಧ ಖಾಲಿಯಾದರೆ ಕೈಯ ಬಿಸಿಗೆ ಒಳಗಿನ ಗಾಳಿ ಉಬ್ಬಿ, ಬರೆಯುತ್ತಿದ್ದ ಹಾಗೇ ಒಂದು ದೊಡ್ಡ ಹನಿ ಕಕ್ಕಿಬಿಡುತ್ತೇನೆ. ಅಕ್ಕೋರು ಅದನ್ನು ಬೇಗ ಅರಿತುಕೊಂಡರು. ಮುಖ್ಯವಾದದ್ದೇನಾದರೂ ಬರೆಯುವುದಿದ್ದರೆ ಮೊದಲು ನನಗೆ ಇಂಕು ತುಂಬುತ್ತಿದ್ದರು.

ಅತಿ ಮುಖ್ಯವಾದದ್ದೆಂದರೆ ಶಾಲೆಗೆ ಸೇರುವ ಮಕ್ಕಳ ದಾಖಲಾತಿ ರಿಜಿಸ್ಟರು. ಆ ಊರಿನಲ್ಲಿ ಯಾವ ಮಗುವಿನ ಹುಟ್ಟಿದ ತಾರೀಖೂ ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ಮಾಸ್ತರರು ಎಲ್ಲ ಮಕ್ಕಳಿಗೂ ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಂಡಿದ್ದರು. ಅಕ್ಕೋರು ಹಾಗೆ ಮಾಡಲಿಲ್ಲ. ತಾಯಂದಿರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದರು. ಭತ್ತ ಕೊಯ್ದಿದ್ದರೋ ಇಲ್ಲವೋ? ಕಾಲುವೆಯಲ್ಲಿ ನೀರಿತ್ತೋ? ಅಮಾವಾಸ್ಯೆಗೆ ಎಷ್ಟು ದಿನವಿತ್ತು? ಬಳಿಕ ಹಳೆಯ ಪಂಚಾಂಗಗಳನ್ನು ಹರಡಿಕೊಂಡು ಲೆಕ್ಕ ಹಾಕಿ, ಪ್ರತಿ ಮಗುವಿಗೂ ಅದರದೇ ಆದ ಒಂದು ದಿನವನ್ನು ಹುಡುಕಿ ಕೊಡುತ್ತಿದ್ದರು. ಆ ದಿನಗಳನ್ನೆಲ್ಲ ಬರೆದವಳು ನಾನು.

ಒಂದು ವರ್ಷ ಗಾಳೆಮ್ಮ ಎಂಬ ಕೂಲಿಯ ಹೆಂಗಸು ಮಗಳು ಹುಲಿಗೆವ್ವನನ್ನು ಕೈ ಹಿಡಿದು ಕರೆತಂದಳು.

"ಪಂಚಮಿ ಜೋಕಾಲಿ ಕಟ್ಟಿದ್ರರೀ. ಬಸುರಿ, ಬ್ಯಾಡಂದ್ರೂ ಕೇಳ್ದ ಆಡಾಕ ಕುಂತೆ. ಅಲ್ಲೇ ಬ್ಯಾನಿ ಸುರು ಆತ್ರಿ," ಎಂದು ಸೆರಗು ಬಾಯಿಗಿಟ್ಟು ನಕ್ಕಳು. ಅಕ್ಕೋರೂ ನಕ್ಕರು. ಪಂಚಾಂಗ ನೋಡಿ ನನ್ನಿಂದ ಬರೆಸಿದರು: ಜುಲೈ ಇಪ್ಪತ್ತೊಂಬತ್ತು, ೧೯೬೮.

ಹುಲಿಗೆವ್ವನ ಅಕ್ಷರ ಸಣ್ಣವು, ಸಾಲಿಗೆ ಸಾಲು ಒತ್ತಿಕೊಂಡಿರುತ್ತಿದ್ದವು. ಪಾಟಿಯಲ್ಲಿ ಜಾಗ ಮುಗಿದುಬಿಟ್ಟರೆ ಎಂಬ ಹೆದರಿಕೆ ಅವಳಿಗೆ. ಏಳನೆಯ ತರಗತಿ ಪಾಸಾದ ಮೇಲೆ ಹೈಸ್ಕೂಲು ಊರಿನಲ್ಲಿರಲಿಲ್ಲ. ಗದ್ದೆಯಲ್ಲಿ ಕಳೆ ಕೀಳಲು ಹೋದಳು. ಆದರೂ ಶನಿವಾರ ಶನಿವಾರ ಕೆಸರುಗಾಲಲ್ಲೇ ಬಂದು, ಹೊಸ್ತಿಲ ಹೊರಗೆ ನಿಂತು, ಅಕ್ಕೋರ ಹತ್ತಿರ ಒಂದು ಪುಸ್ತಕ ಇಸಿದುಕೊಂಡು ಹೋಗುತ್ತಿದ್ದಳು.

ಅವಳಿಗೆ ಹದಿನೈದು ತುಂಬಿದ ವರ್ಷ ಅವಳ ಅಪ್ಪ ಪಂಪಣ್ಣ ಶಾಲೆಗೆ ಬಂದ. ಒಂದು ಗಂಡು ಬಂದಿದೆ, ಅಣೆಕಟ್ಟಿನ ಆಫೀಸಿನಲ್ಲಿ ನೌಕರಿ. ಸರಕಾರಿ ನೌಕರನಾದ್ದರಿಂದ ಹುಡುಗಿಗೆ ಹದಿನೆಂಟು ತುಂಬಿದೆ ಎಂಬ ಕಾಗದ ಬೇಕು.

"ಆಕಿಗೆ ಹದಿನೈದು, ಪಂಪಣ್ಣ. ನಾನಽ ಬರದೀನಿ," ಎಂದರು ಅಕ್ಕೋರು.

"ಬರದವ್ರು ನೀವಽ. ತಿದ್ದವ್ರೂ ನೀವಽ ಆಗ್ರಿ."

ಅಕ್ಕೋರು ನನ್ನ ಮುಚ್ಚಳ ಬಿಗಿದು ಚೀಲಕ್ಕೆ ಹಾಕಿ ಎದ್ದು ಹೋದರು. ಎರಡು ಸಲ ಹೀಗೇ ಆಯಿತು. ಮೂರನೆಯ ಸಲ ಪಂಪಣ್ಣ ಬರಲಿಲ್ಲ, ಗಾಳೆಮ್ಮ ಹೇಳಿಕಳಿಸಿದಳು.

ಗಾಳೆಮ್ಮನಿಗೆ ಕ್ಷಯವಾಗಿತ್ತು. ಮೂಲೆಯಲ್ಲಿ ಚಾಪೆಯ ಮೇಲೆ ಒಂದು ಹಿಡಿಯಾಗಿ ಬಿದ್ದುಕೊಂಡಿದ್ದಳು. ಮಾತಿಗೊಮ್ಮೆ ಕೆಮ್ಮು ಬರುತ್ತಿತ್ತು. ನಾನು ಅಕ್ಕೋರ ಚೀಲದೊಳಗಿಂದ ಕೇಳಿಸಿಕೊಂಡೆ.

"ಅಕ್ಕೋರ, ನಾ ಕಣ್ಣ ಮುಚ್ಚೂದ್ರಾಗ ಆಕಿಗೊಂದು ನೆಲಿ ಆಗ್ಲಿ. ನಾ ಹ್ವಾದ್ರ ಇವ ಇನ್ನೊಬ್ಬಾಕಿನ್ನ ತರ್ತಾನ. ಆಮ್ಯಾಲ ನನ್ನ ಮಗಳು ಯಾರ ಮನಿ ಬಾಗಲಾ ಕಾಯ್ಬೇಕ್ರಿ?"

"ಹದಿನೈದಕ್ಕಽ, ಗಾಳೆಮ್ಮ?"

"ನನಗ ಹನ್ನೆರಡಕ್ಕ ಆಗಿತ್ರಿ."

ಅಕ್ಕೋರು ಬಾಗಿಲಲ್ಲಿ ನಿಂತ ಹುಡುಗಿಯನ್ನು ಕೇಳಿದರು, "ನೀ ಏನಂತಿ, ಹುಲಿಗಿ?"

"ಅವ್ವ ಅಂದಂಗ್ರಿ," ಎಂದಳು. ಅವಳ ಕೈಯಲ್ಲಿ ಹಿಂದಿರುಗಿಸಬೇಕಾಗಿದ್ದ ಪುಸ್ತಕವಿತ್ತು. ಅದನ್ನು ಅಕ್ಕೋರಿಗೆ ಕೊಟ್ಟಳು. ಬೇರೆ ಪುಸ್ತಕ ಕೇಳಲಿಲ್ಲ.

ಮರುದಿನ ಅಕ್ಕೋರು ನನಗೆ ಇಂಕು ತುಂಬಿದರು. ರಿಜಿಸ್ಟರು ತೆರೆದರು. ಆ ಹೊತ್ತು ನಾನು ಮುಷ್ಕರ ಹೂಡಿದೆ, ಇಂಕು ಕಕ್ಕಿ ಆ ಹಾಳೆಯನ್ನೇ ಹೊಲಸು ಮಾಡಿದೆ ಎಂದು ಹೇಳಿಕೊಳ್ಳಬೇಕೆಂದು ನನಗೂ ಆಸೆ. ಆದರೆ ಹೊಟ್ಟೆ ತುಂಬಿತ್ತು, ನಿಬ್ಬು ಹದವಾಗಿತ್ತು, ಕೈ ಪರಿಚಯದ್ದು. ಹಳೆಯ ವರ್ಷದ ಮೇಲೆ ಒಂದು ಗೆರೆ ಎಳೆದು, ಮೇಲೆ ೧೯೬೫ ಎಂದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದೆವು. ಆಮೇಲೆ ಅದನ್ನೇ ನೋಡಿಕೊಂಡು ಸರ್ಟಿಫಿಕೇಟು ಬರೆದೆವು. ನಾನು ಆವರೆಗೆ ಬರೆದದ್ದರಲ್ಲೆಲ್ಲ ಅತಿ ಅಂದವಾದ ಬರವಣಿಗೆ ಅದೇ.

ಶ್ರಾವಣ ಕಳೆದು ಮದುವೆಯಾಯಿತು. ಅಕ್ಕೋರು ಹೋಗಿ ಅಕ್ಕಿಕಾಳು ಹಾಕಿ ಬಂದರು.

ಗಾಳೆಮ್ಮ ಸಾಯಲಿಲ್ಲ. ಅದೇ ಚಳಿಗಾಲ ಸರಕಾರಿ ದವಾಖಾನೆಯ ನರ್ಸಮ್ಮ ಮನೆಗೆ ಬಂದು ಮಾತ್ರೆ ಕೊಡತೊಡಗಿದಳು. ಒಂದೂವರೆ ವರ್ಷ ಬಿಡದೆ ನುಂಗಬೇಕು. ಗಾಳೆಮ್ಮ ಬಿಡದೆ ನುಂಗಿದಳು. ಮೊದಲು ಕೆಮ್ಮು ಇಳಿಯಿತು, ಆಮೇಲೆ ಕೆನ್ನೆ ತುಂಬಿತು. ಮುಂದಿನ ನಾಟಿಯ ಹೊತ್ತಿಗೆ ಅವಳು ಗದ್ದೆಯಲ್ಲಿದ್ದಳು. ಶಾಲೆಯ ಮುಂದೆ ಹಾದುಹೋಗುವಾಗ ಅಕ್ಕೋರನ್ನು ಕೂಗಿ ಮಾತಾಡಿಸಿ ಹೋಗುತ್ತಿದ್ದಳು.

ಹುಲಿಗೆವ್ವ ಮೊದಲ ಹೆರಿಗೆಯಲ್ಲಿ ತೀರಿಕೊಂಡಳು. ಹದಿನಾರು ವರ್ಷ, ಆರು ತಿಂಗಳು.

ಹದಿನೈದು ದಿನದ ಮೇಲೆ ಗಾಳೆಮ್ಮ ಶಾಲೆಗೆ ಬಂದಳು. ಮಡಿಲಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಕೂಸು. ಅಕ್ಕೋರು ಮೇಜಿನ ಹಿಂದಿನಿಂದ ಎದ್ದರು, ಹತ್ತಿರ ಹೋಗಲಾರದೆ ಅಲ್ಲೇ ನಿಂತರು.

"ಡಾಕ್ಟರಮ್ಮ ಬೈದ್ಲಂತ್ರಿ. ಇದು ಹತ್ತೊಂಬತ್ತರ ಮೈ ಅಲ್ಲ, ಖರೇ ಹೇಳ್ರಿ ಅಂದ್ಲಂತ. ಅಳಿಯ ನಿಮ್ಮ ಕಾಗದ ತೋರ್ಸ್ಯಾನ. ದವಾಖಾನಿ ಚೀಟ್ಯಾಗೂ ಹತ್ತೊಂಬತ್ತಽ ಬರದಾರಂತ." ಕೂಸು ಅತ್ತಿತು. ಗಾಳೆಮ್ಮ ತೊಡೆ ಆಡಿಸಿ ಸುಮ್ಮನಾಗಿಸಿದಳು. "ನನ್ನ ಮಗಳಿಗೆ ಹದಿನಾರ್ರಿ, ಅಕ್ಕೋರ. ನಿಮ್ಮ ಬುಕ್ಕಿನಾಗರ ಖರೇ ಬರೀರಿ."

ಅಕ್ಕೋರು ರಿಜಿಸ್ಟರಿನ ಕಡೆ ನೋಡಿದರು.

"ಸಾಯ್ಬೇಕಾದಾಕಿ ನಾ. ನಾ ಸಾಯ್ಲಿಲ್ಲ ನೋಡ್ರಿ," ಎಂದಳು ಗಾಳೆಮ್ಮ. ಯಾರದೋ ಎಮ್ಮೆ ಹೊಲಕ್ಕೆ ನುಗ್ಗಿದ್ದನ್ನು ಹೇಳುವ ಹಾಗೆ ಹೇಳಿದಳು. ಬೈಯಲಿಲ್ಲ. ಬೈದಿದ್ದರೆ ಅಕ್ಕೋರಿಗೆ ಅಷ್ಟಾದರೂ ಹಗುರವಾಗುತ್ತಿತ್ತೋ ಏನೋ.

ಅಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅಕ್ಕೋರು ಶಿಕ್ಷಣ ಇಲಾಖೆಯ ಸಾಹೇಬರಿಗೆ ಪತ್ರ ಬರೆದರು. ತಾನು ಇಂಥ ವಿದ್ಯಾರ್ಥಿನಿಯ ಹುಟ್ಟಿದ ವರ್ಷವನ್ನು ತಿಳಿದೂ ತಿಳಿದೂ ಸುಳ್ಳಾಗಿ ತಿದ್ದಿದ್ದೇನೆ, ಅದನ್ನು ಸರಿಪಡಿಸಲು ಅನುಮತಿ ಕೊಡಬೇಕು, ತನಗೆ ಯಾವ ಶಿಕ್ಷೆ ವಿಧಿಸಿದರೂ ಒಪ್ಪಿಗೆ ಎಂದು. ನಾಲ್ಕು ಸಲ ಬರೆದು ಹರಿದರು. ಐದನೆಯದನ್ನು ಕಳಿಸಿದರು. ಮನೆಯಲ್ಲಿ ಟ್ರಂಕು ಹೊರತೆಗೆದು ಬಟ್ಟೆ ಮಡಿಚಿಟ್ಟುಕೊಂಡರು. ನೌಕರಿ ಹೋಗುತ್ತದೆ, ಬಳ್ಳಾರಿಗೆ ಹಿಂತಿರುಗಬೇಕು ಎಂದುಕೊಂಡಿದ್ದರು.

ಏಳು ತಿಂಗಳ ಮೇಲೆ ಉತ್ತರ ಬಂತು, ಟೈಪು ಮಾಡಿದ ಎರಡು ಸಾಲು. "ಸದರಿ ವಿದ್ಯಾರ್ಥಿನಿಯು ಮೃತಳಾಗಿರುವುದರಿಂದ ತಿದ್ದುಪಡಿಯ ಅಗತ್ಯ ಕಂಡುಬರುವುದಿಲ್ಲ. ಕಡತವನ್ನು ಮುಕ್ತಾಯಗೊಳಿಸಲಾಗಿದೆ."

ಅಕ್ಕೋರು ಅದನ್ನು ಓದಿ ರಿಜಿಸ್ಟರು ತೆರೆದರು. ನನ್ನನ್ನು ಬಿಚ್ಚಿ ಹಿಡಿದರು. ನಿಬ್ಬು ಆ ಗೆರೆಯಿಂದ ಒಂದು ಬೆರಳು ಮೇಲಿತ್ತು. ಎಷ್ಟೋ ಹೊತ್ತು ಹಾಗೇ ಹಿಡಿದಿದ್ದರು, ನಿಬ್ಬಿನ ತುದಿ ಒಣಗುವವರೆಗೆ. ಮೇಲಿನವರ ಅನುಮತಿಯಿಲ್ಲದೆ ತಿದ್ದುವ ಧೈರ್ಯ ಅವರಿಗೆ ಒಂದು ಸಲ ಬಂದಿತ್ತು. ಎರಡನೆಯ ಸಲ ಬರಲಿಲ್ಲ. ರಿಜಿಸ್ಟರು ಮುಚ್ಚಿದರು.

ಆಮೇಲೂ ಅಂಥ ಕಾಗದ ಕೇಳಿಕೊಂಡು ಜನ ಬಂದರು. ಯಾರಿಗೂ ಬರೆದುಕೊಡಲಿಲ್ಲ. ಒಬ್ಬ ದೊಡ್ಡ ಮನುಷ್ಯ ಸಿಟ್ಟಾಗಿ ಅವರನ್ನು ಹೊಳೆಯಾಚೆಯ ಹಳ್ಳಿಗೆ ವರ್ಗ ಮಾಡಿಸಿದ. ಬಸ್ಸಿಳಿದು ಮೂರು ಮೈಲಿ ನಡೆಯಬೇಕು. ನಡೆದರು. ಅವರು ತಡೆದ ಮದುವೆಗಳು ನಿಂತವೋ, ಬೇರೆ ಕಡೆಯ ಕಾಗದದಲ್ಲಿ ನಡೆದೇ ಹೋದವೋ ನನಗೆ ತಿಳಿಯದು. ನಡೆದಿರಬೇಕು. ಅಕ್ಕೋರು ಮದುವೆಯಾಗಲಿಲ್ಲ. ನೋಡಲು ಬಂದವರನ್ನೂ ಎರಡು ಸಲ ಹಾಗೇ ಕಳಿಸಿದರು.

ಲೋಕದಲ್ಲಿ ಬಾಲ್‌ಪೆನ್ನು ಬಂದು ನನ್ನ ಸರೀಕರೆಲ್ಲ ಕಸಕ್ಕೆ ಹೋದರು. ದಾವಲಸಾಬರ ಅಂಗಡಿಯಲ್ಲಿ ಮೊಬೈಲಿಗೆ ಕರೆನ್ಸಿ ಹಾಕುವವನು ಕೂತ. ನನ್ನ ನಿಬ್ಬು ಸವೆದು ಅಕ್ಕೋರ ಕೈಯ ಓರೆಗೆ ಅಚ್ಚಾಗಿತ್ತು, ಬೇರೆಯವರು ಹಿಡಿದರೆ ಕಾಗದ ಕೆರೆಯುತ್ತಿದ್ದೆ. ನಿವೃತ್ತಿಯ ದಿನ ಅವರು ನನ್ನಿಂದಲೇ ಸಹಿ ಮಾಡಿ, ತಮ್ಮನ ಮನೆಗೆಂದು ಬಳ್ಳಾರಿಗೆ ಬಂದರು.

ಅಲ್ಲಿಗೆ ಒಂದು ಭಾನುವಾರ ನೀಲಾ ಬಂದಳು. ಹುಲಿಗೆವ್ವನ ಮಗಳು, ಗಾಳೆಮ್ಮ ಸಾಕಿದ ಕೂಸು. ಇಪ್ಪತ್ತೊಂದು ವರ್ಷ, ಹೊಸಪೇಟೆಯಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಗಾಳೆಮ್ಮ ತೀರಿಕೊಂಡು ತಿಂಗಳಾಗಿತ್ತು.

"ನಮ್ಮವ್ವ ಖರೇ ಹುಟ್ಟಿದ್ದು ಯಾವತ್ತು ಅಂತ ನಿಮಗೊಬ್ರಿಗೇ ಗೊತ್ತದ ಅಂತಿದ್ಲು ಅಜ್ಜಿ. ಕೇಳಾಕ ಬಂದೀನಿ," ಎಂದಳು.

ಅಕ್ಕೋರು ಚಹಾ ತಂದಿಟ್ಟರು. ಕೂತರು. ಎಲ್ಲವನ್ನೂ ಹೇಳಿದರು, ಕಾಗದ, ಗೆರೆ, ಸಹಿ, ಇಲಾಖೆಯ ಉತ್ತರ. ಗಾಳೆಮ್ಮನ ಕಾಯಿಲೆಯನ್ನು ಹೇಳುವಾಗ ದನಿ ತಗ್ಗಿಸಿದರು, ಅದನ್ನು ನೆಪ ಮಾಡಿಕೊಂಡಂತೆ ಕೇಳಿಸಬಾರದೆಂದು. ಚಹಾದ ಮೇಲೆ ಕೆನೆ ಕಟ್ಟಿತು.

"ನೀವು ಬರೀದಿದ್ರ?" ಎಂದು ಕೇಳಿದಳು ನೀಲಾ.

"ಗೊತ್ತಿಲ್ಲವ್ವ. ಬ್ಯಾರೆ ಯಾರರ ಬರದು ಕೊಡ್ತಿದ್ರೋ ಏನೋ. ಆದ್ರ ಬರದಾಕಿ ನಾನು."

ನೀಲಾ ಕಪ್ಪನ್ನು ಪಕ್ಕಕ್ಕೆ ಸರಿಸಿದಳು. "ಹೆರಿಗಿ ವಾರ್ಡಿನ್ಯಾಗ ಈಗ ನನ್ನ ಡ್ಯೂಟಿ," ಎಂದಳು. "ಮೊನ್ನೆ ಒಬ್ಬಾಕಿ ಬಂದಿದ್ಲು, ಸಣ್ಣ ಹುಡುಗಿ. ಕಾಗದದಾಗ ಹತ್ತೊಂಬತ್ತಿತ್ತು." ಅಷ್ಟಕ್ಕೇ ನಿಲ್ಲಿಸಿದಳು. ಆ ಹುಡುಗಿ ಉಳಿದಳೋ ಇಲ್ಲವೋ ಹೇಳಲಿಲ್ಲ. ಅಕ್ಕೋರಿಗೆ ಕೇಳುವ ಧೈರ್ಯವಾಗಲಿಲ್ಲ.

ಬಳಿಕ ಅಕ್ಕೋರು ತಾರೀಖು ಹೇಳಿದರು. ನೀಲಾ ತನ್ನದೇ ಬಾಲ್‌ಪೆನ್ನಿನಿಂದ ಒಂದು ಚೀಟಿಯಲ್ಲಿ ಬರೆದುಕೊಂಡು, ಮಡಿಚಿ ಪರ್ಸಿನಲ್ಲಿಟ್ಟಳು. ಕಾಲಿಗೆ ನಮಸ್ಕಾರ ಮಾಡಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಬಾಗಿಲವರೆಗೆ ಹೋದವಳು ತಿರುಗಿ ಬಂದು, ತಣ್ಣಗಾದ ಚಹಾವನ್ನು ನಿಂತೇ ಕುಡಿದು, ಕಪ್ಪನ್ನು ತೊಳೆದಿಟ್ಟು ಹೋದಳು.

ಅದಾದ ಮೇಲೆ ಅಕ್ಕೋರು ಎಷ್ಟೋ ಭಾನುವಾರ ಬಾಗಿಲು ತೆರೆದಿಟ್ಟುಕೊಂಡು ಕೂರುತ್ತಿದ್ದರು. ಅವಳು ಮತ್ತೆ ಬರಲಿಲ್ಲ. ಈಗ ಅವರೂ ಇಲ್ಲ. ನಾನು ಅವರ ತಮ್ಮನ ಮನೆಯ ಗೂಡಿನಲ್ಲಿ, ಹಳೆಯ ಕನ್ನಡಕ ಮತ್ತು ಮುಗಿದ ಮಾತ್ರೆಯ ಹಾಳೆಗಳ ನಡುವೆ ಬಿದ್ದಿದ್ದೇನೆ. ಹೊಟ್ಟೆಯಲ್ಲಿ ಇಂಕು ಒಣಗಿ ಪುಡಿಯಾಗಿದೆ. ಬಾಳಿದಷ್ಟು ಕಾಲ ಚೆನ್ನಾಗಿ ಬರೆಯುವುದೊಂದೇ ನನ್ನ ಕೆಲಸವೆಂದು ನಂಬಿದ್ದೆ, ಒಂದು ದಿನವೂ ತಪ್ಪದೆ ಚೆನ್ನಾಗಿಯೇ ಬರೆದೆ. ಆ ಒಂದು ದಿನ ಕೆಟ್ಟು ನಿಂತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತೇನೆ. ಅಕ್ಕೋರು ಬೇರೆ ಪೆನ್ನು ಹುಡುಕುತ್ತಿದ್ದರು. ಹುಡುಕುವುದಕ್ಕೆ ಎರಡು ನಿಮಿಷವಾದರೂ ಹಿಡಿಯುತ್ತಿತ್ತು.