ಹರಳಿಗೆ ಬಿಸಿಲು ತಾಗಿದ ವರ್ಷ

ಯಾರ ಮನೆಗೆ ಹೋದರೂ ಶಿವಕಾಂತಮ್ಮನವರು ಕೂರುವ ಮೊದಲು ಗೋಡೆಯ ಗಡಿಯಾರವನ್ನು, ಜ್ವರದ ಮಗುವಿನ ಹಣೆ ಮುಟ್ಟುವಂತೆ ಹಿಂಗೈಯಿಂದ ಮುಟ್ಟಿ ನೋಡುತ್ತಿದ್ದರು. ನಡಿಗೆ ಬಿರುಸು, ಮಾತು ನಿಧಾನ. ಪ್ರತಿ ಮಾತಿನ ಕೊನೆಗೆ 'ತಿಳೀತಿಲ್ರೀ?' ಎಂದು ಕೇಳಿ, ಉತ್ತರಕ್ಕೆ ನಿಜವಾಗಿಯೂ ಕಾಯುತ್ತಿದ್ದರು. ಕಲಬುರಗಿಯ ಪಾಲಿಟೆಕ್ನಿಕ್ಕಿನಲ್ಲಿ ಅವರು ಇಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು, ನಾನು ಕನ್ನಡ.

ಎಂಬತ್ತೇಳರ ಯುಗಾದಿಯ ಹೊತ್ತಿಗೆ ಅವರು ಕಮಲಾಪುರದ ಮಸೀದಿಗೊಂದು ಗಡಿಯಾರ ಕಟ್ಟಿಕೊಟ್ಟರು. ಅದರ ಜೀವವೆಂದರೆ ಅಕ್ಕಿಕಾಳಿಗಿಂತ ತುಸು ದೊಡ್ಡ ಕೊಳವೆಯೊಳಗಿನ ಕ್ವಾರ್ಟ್ಜ್ ಹರಳು. ಸೆಕೆಂಡಿಗೆ ಮೂವತ್ತೆರಡು ಸಾವಿರದ ಏಳುನೂರ ಅರವತ್ತೆಂಟು ಸಲ ಅದು ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಹೀಗೆ ಅರ್ಧಿಸಿ, ಎಣಿಸಿ, ಹೊತ್ತಿಗೆ ಸೈರನ್ ಕೂಗಿಸುವುದು ಪಕ್ಕದ ಮೈಕ್ರೋಕಂಟ್ರೋಲರಿನ ಕೆಲಸ. ರಂಜಾನಿನಲ್ಲಿ ನಸುಕಿನ ಸಹರಿ ಊಟ ನಿಲ್ಲಿಸಲು ಒಂದು ಕೂಗು, ಸಂಜೆ ರೋಜಾ, ಅಂದರೆ ಉಪವಾಸ, ಬಿಡಲು ಇನ್ನೊಂದು.

ರಂಜಾನ್ ಅರ್ಧ ಕಳೆದಾಗ, ಮಸೀದಿ ನೋಡಿಕೊಳ್ಳುತ್ತಿದ್ದ ಇಮಾಮುದ್ದೀನ್ ಬಸ್ಸು ಹತ್ತಿ ಕಾಲೇಜಿಗೆ ಬಂದ. ರೇಡಿಯೋದ ವೇಳೆಗೆ ಹೊಂದಿಸಿದ್ದ ಅವನ ಕೈಗಡಿಯಾರಕ್ಕಿಂತ ಮಸೀದಿಯ ಗಡಿಯಾರ ಅರ್ಧ ನಿಮಿಷ ಹಿಂದೆ ಬಿದ್ದಿತ್ತು. ಅಷ್ಟೇ ತಾನೆ ಎಂದೆ ನಾನು.

"ಅರ್ಧ ನಿಮಿಷ ಅಂದ್ರ ಒಂದ್ ಗುಟಕು ನೀರ್ರೀ ಸರ. ಹೊತ್ತು ಮೀರಿ ಆ ಗುಟಕು ಕುಡದ್ರ ರೋಜಾನೇ ಹೋಗ್ತದ."

ಶಿವಕಾಂತಮ್ಮನವರ ಮುಖ ಬಾಡಿತು. ಅಂದೇ ಅವರ ಜತೆ ನಾನೂ ಹೋದೆ. ಕಾಲೇಜಿನ ಫ್ಯಾನಿನ ಕೆಳಗೆ ಪರೀಕ್ಷಿಸಿದ್ದ ಗಡಿಯಾರದ ಡಬ್ಬಿ ಮಸೀದಿಯಲ್ಲಿ ತಗಡಿನ ಸೂರಿಗೆ ತಾಗಿಕೊಂಡು ಬೇಯುತ್ತಿತ್ತು. ಅಷ್ಟು ಕಾವಿನಲ್ಲಿ ಹರಳಿನ ಕಂಪನ ಮಂದವಾಗುತ್ತದೆ.

"ಬಿಸಲು ಹೊಡದದ್ರೀ ಅಕ್ಕಾ ಇದಕ್ಕ," ಎಂದಳು ಇಮಾಮುದ್ದೀನನ ಹೆಂಡತಿ ಜೈನಾಬಿ. "ಬಿಸಲಿಗಿ ಹೋಗೂಮುಂದ ಕಿಸೇದಾಗ ಇಟ್ಕೋತೀವಲ್ಲ, ಹಂಗ ಡಬ್ಬ್ಯಾಗ ಒಂದ್ ಉಳ್ಳಾಗಡ್ಡಿ ಇಡ್ರಿ."

"ಖರೇನೇ ಹೊಡದದ," ಎಂದರು ಶಿವಕಾಂತಮ್ಮನವರು, ನಗದೆ.

"ಒಂದ್ ನಿಮಿಷ ಮುಂದ ಮಾಡಿಡ್ರಲ್ಲ, ಬಾಯಾರ," ಎಂದ ಇಮಾಮುದ್ದೀನ್.

"ನಸುಕಿಗಿ ಚಲೋ. ಸಂಜಿಗಿ? ಹೊತ್ತು ಮುಳಗೂ ಮೊದಲೇ ನಾನೇ ನಿಮ್ಮ ರೋಜಾ ಮುರದಂಗ ಆಗ್ತದ. ತಿಳೀತಿಲ್ರೀ?" ಅವನು ತಲೆಯಾಡಿಸುವವರೆಗೂ ಕಾದರು.

ಡಬ್ಬಿಯನ್ನು ಒಳಕೋಣೆಯ ದಪ್ಪ ಕಲ್ಲುಗೋಡೆಯ ಗೂಡಿಗೆ, ನೀರಿನ ಕೊಡಗಳ ತಂಪಿಗೆ ಸಾಗಿಸಿ, ವೇಳೆ ಸರಿಪಡಿಸಿ, ಜೈನಾಬಿಯ ಕಡೆ ತಿರುಗಿದರು. "ಈ ವಾರ ನಿಮ್ಮ ಮನ್ಯಾಗ ಇರ್ತೀನಿ. ನಾನೂ ರೋಜಾ ಹಿಡೀತೀನಿ. ಗಡಿಯಾರ ತಪ್ಪಿದ್ರ ನಂದೂ ಹೋಗ್ಲಿ."

"ಚಾ ಇಲ್ಲದ ಬದಕ್ತೀರೇನ್ರೀ ನೀವು?" ಎಂದಳು ಜೈನಾಬಿ.

ವಾರ ಕಳೆದು ನಾನು ಮತ್ತೆ ಹೋದಾಗ ಅವರ ತುಟಿ ಒಣಗಿ ಬಿರಿದಿತ್ತು. ಸಂಜೆ ಹೊತ್ತು ಮುಳುಗುತ್ತಲೇ ಸೈರನ್ ಕೂಗಿತು. ಜೈನಾಬಿ ಅವರ ಅಂಗೈಗೆ ಖರ್ಜೂರವನ್ನೂ ಸುಲಿದ ಕೆಂಪು ಬಾಳೆಹಣ್ಣನ್ನೂ ಇಟ್ಟರೂ ಅವರು ಬಾಯಿಗಿಡಲಿಲ್ಲ. ಇಮಾಮುದ್ದೀನನ ಕೈಗಡಿಯಾರವನ್ನೇ ನೋಡುತ್ತಿದ್ದರು.

"ಬರಾಬರ್ ಅದ್ರೀ, ಬಾಯಾರ," ಎಂದ ಅವನು.

"ಈಗರ ತಿನ್ರೀ, ಅಕ್ಕಾ," ಎಂದಳು ಜೈನಾಬಿ.

ಆಗ ತಿಂದರು.

ಮಾಡಿದ್ದನ್ನು ಒಪ್ಪಿಸಿ ಕೈ ತೊಳೆದುಕೊಳ್ಳುವುದು ಇಂಥವರಿಗೆ ಬರುವುದಿಲ್ಲ. ತಮ್ಮ ಕೆಲಸವನ್ನು ನಂಬಿ ಹಸಿದವರ ಸಾಲಿನಲ್ಲಿ ತಾವೂ ಹಸಿದು ಕೂರುತ್ತಾರೆ. ದೂರದಿಂದ ನೋಡಿದವರು ಅದನ್ನು ಹಟವೆನ್ನುತ್ತಾರೆ. ಪಕ್ಕದಲ್ಲಿ ಕೂತು ಉಂಡವರು ಹಾಗೆನ್ನುವುದಿಲ್ಲ.