ಎರಡು ವರ್ಷ ಏನು ಮಾಡುತ್ತಿದ್ದೆ?

ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಆರು ಮಂದಿ ಸೇರುತ್ತಿದ್ದರು. ಎಲ್ಲರೂ ಕಾಲೇಜಿನ ಮೆಟ್ಟಿಲನ್ನೇ ಹತ್ತದ ಮನೆಗಳ ಮಕ್ಕಳು. ನಿವೃತ್ತ ಟೈಪಿಂಗ್ ಮೇಷ್ಟ್ರು ಅವರಿಗೆ ಅರ್ಜಿ ತುಂಬುವುದರಿಂದ ಹಿಡಿದು ಸಂದರ್ಶನದಲ್ಲಿ ಕುರ್ಚಿ ಸದ್ದಾಗದಂತೆ ಎಳೆದು ಕೂರುವುದರವರೆಗೆ ಎಲ್ಲವನ್ನೂ ಪುಕ್ಕಟೆಯಾಗಿ ಕಲಿಸುತ್ತಿದ್ದರು.

ಅವರಲ್ಲಿ ಒಬ್ಬಳನ್ನು ಎಲ್ಲರೂ ಚೂಟಿ ಎಂದೇ ಕರೆಯುತ್ತಿದ್ದರು. ಸಾಕಿದ ಚಿಕ್ಕಮ್ಮನ ಕೈ ಮುರಿದಾಗ ಓದು ಬಿಟ್ಟು, ಅವಳ ಬದಲಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಎರಡು ವರ್ಷ ದುಡಿದವಳು. ಚಿಕ್ಕಮ್ಮ ಕೆಲಸಕ್ಕೆ ಮರಳಿದ ಮೇಲೆ ಈಗ ಆಪರೇಷನ್ ಥಿಯೇಟರ್ ತಂತ್ರಜ್ಞರ ಕೋರ್ಸಿಗೆ ಅರ್ಜಿ ಹಾಕಿದ್ದಳು. ಆ ಎರಡು ವರ್ಷದ ಬಗ್ಗೆ ಕೇಳಿದರೆ ಮನೆಯ ತೊಂದರೆ ಎಂದಷ್ಟೇ ಹೇಳು, ಕೊಳೆ ಬಟ್ಟೆಯ ಪುರಾಣ ಬೇಡ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಅವಳೂ ಅದನ್ನು ಗಿಣಿಪಾಠದಂತೆ ಒಪ್ಪಿಸಿ ರೂಢಿ ಮಾಡಿಕೊಂಡಿದ್ದಳು.

ಸಂದರ್ಶನಕ್ಕೆ ಮೂವರು ಕೂತಿದ್ದರು. ನಡುವಿನ ಹಿರಿಯ ಸರ್ಜನ್ ಅರ್ಜಿಯಿಂದ ತಲೆ ಎತ್ತಿ ಕೇಳಿದರು:

"ಎರಡು ವರ್ಷ ಏನಮ್ಮಾ ಮಾಡ್ತಿದ್ದೆ?"

ಗಿಣಿಪಾಠ ಪುರ್ರೆಂದು ಹಾರಿಹೋಯಿತು.

"ಥಿಯೇಟರ್ ಬಟ್ಟೆ ಒಗೀತಿದ್ದೆ, ಮೇಡಂ."

ಸರ್ಜನ್ ಪೆನ್ನು ಕೆಳಗಿಟ್ಟರು. ಚೂಟಿಗೆ ಮಾತಿನ ಕಟ್ಟೆಯೇ ಒಡೆಯಿತು. ಬಿಸಿನೀರು ಸೋಕಿದರೆ ರಕ್ತದ ಕಲೆ ಕಚ್ಚಿಕೊಳ್ಳುತ್ತದೆ, ಮೊದಲು ತಣ್ಣೀರೇ ಬೇಕು ಎಂದಳು. ಯಾವ ಬಟ್ಟೆಗಂಟನ್ನು ಬರಿಗೈಯಲ್ಲಿ ಮುಟ್ಟಬಾರದೆಂದು ವಿವರಿಸಿದಳು. ಒಮ್ಮೆ ಬಟ್ಟೆಯ ಮಡಿಕೆಯಲ್ಲಿ ಪುಟ್ಟ ಕತ್ತರಿ ಸಿಕ್ಕಿದ್ದನ್ನೂ, ಮೇಲ್ವಿಚಾರಕನ ಬೈಗುಳ ಲೆಕ್ಕಿಸದೆ ಮೂರು ಮಹಡಿ ಹತ್ತಿ ಥಿಯೇಟರ್‌ಗೆ ಓಡಿದ್ದನ್ನೂ ಹೇಳಿದಳು. ಅಲ್ಲಿ ನರ್ಸ್‌ಗಳು ಮೊಣಕಾಲೂರಿ ಅದನ್ನೇ ಹುಡುಕುತ್ತಿದ್ದರಂತೆ.

ಕೆಲಸ ಮುಗಿದ ಮೇಲೆ ಕೊಡಬಹುದಿತ್ತಲ್ಲ ಎಂದರು ಸರ್ಜನ್.

"ಅಷ್ಟೊತ್ತೂ ಅವ್ರು, ಕತ್ತರಿ ರೋಗಿ ಹೊಟ್ಟೇಲೇ ಉಳೀತೇನೋ ಅಂತ ಹೆದರ್ಕೊಂಡಿರ್ತಾರಲ್ವಾ ಮೇಡಂ?"

ಹತ್ತು ನಿಮಿಷದ ಸಂದರ್ಶನ ಅರ್ಧ ಗಂಟೆ ನಡೆಯಿತು. ಹೊರಗೆ ಕಾಯುತ್ತಿದ್ದ ಮೇಷ್ಟ್ರ ಮುಂದೆ ಅವಳು ನಡೆದದ್ದನ್ನೆಲ್ಲ ಒಪ್ಪಿಕೊಂಡಾಗ ಅವರ ಮುಖ ಬಿಳಿಚಿಕೊಂಡಿತು. ಮೂರು ಗಂಟೆಗೆ ಆಯ್ಕೆಯಾದವರ ಪಟ್ಟಿ ಅಂಟಿಸಿದರು. ಹದಿನೆಂಟು ಹೆಸರುಗಳಲ್ಲಿ ನಾಲ್ಕನೆಯದು ಅವಳದು. ಮೇಷ್ಟ್ರು ಕನ್ನಡಕ ಒರೆಸಿ ಮತ್ತೆ ಓದಿದರು.

"ನಾನು ಹೇಳಿಕೊಟ್ಟಿದ್ದೇ ತಪ್ಪಮ್ಮಾ," ಎಂದರು. "ಮುಂದಿನ ಭಾನುವಾರ ಪಾಠ ನೀನೇ ಮಾಡು."

ಚೂಟಿಯ ಕಾಲು ನೆಲದ ಮೇಲಿರಲಿಲ್ಲ. ಬಸ್ಸಿಗೂ ಕಾಯದೆ ಲಾಂಡ್ರಿಗೆ ಓಡಿದಳು. ಯಂತ್ರಗಳ ಗಡಗಡ ಸದ್ದಿನ ನಡುವೆ ಚಿಕ್ಕಮ್ಮ ಗಂಟು ಕಟ್ಟುತ್ತಿದ್ದಳು.

"ಚಿಕ್ಕಮ್ಮಾ, ಸೀಟು ಸಿಕ್ತು!"

"ಯಾವ ಶೀಟೇ? ಎಲ್ಲಾ ಇಲ್ಲೇ ಇದಾವಲ್ಲ."

"ಬೆಡ್‌ಶೀಟಲ್ಲ, ಕಾಲೇಜ್ ಸೀಟು."

ಚಿಕ್ಕಮ್ಮ ಕೈಯಲ್ಲಿದ್ದ ಗಂಟು ಕೆಳಗೆ ಹಾಕಿದಳು. ಒದ್ದೆ ಕೈಯಲ್ಲೇ ಅವಳನ್ನು ಬಾಚಿ ತಬ್ಬಿಕೊಂಡಳು. ಕೆಲಸದ ಹೆಂಗಸರೆಲ್ಲ ಮುತ್ತಿಕೊಂಡು, ಎಷ್ಟು ವರ್ಷದ ಓದು, ಯಾವತ್ತು ಶುರು, ಟೋಪಿ ಕೊಡ್ತಾರಾ ಎಂದು ಒಬ್ಬರ ಮೇಲೊಬ್ಬರು ಕೇಳತೊಡಗಿದರು. ಚೂಟಿ ಏದುಸಿರು ಬಿಡುತ್ತಲೇ ಎಲ್ಲರಿಗೂ ಒಟ್ಟಿಗೆ ಉತ್ತರ ಹೇಳುತ್ತ ನಿಂತಳು.